ಹೆಣೆಯದೆ ಉಳಿದ ದಾರ

ಸಿಂಧನೂರಿನಿಂದ ಸಿರುಗುಪ್ಪದ ಹಾದಿ ಹಿಡಿದವರಿಗೆ ತುಂಗಭದ್ರೆಯ ಸೇತುವೆ ದಾಟುವ ಮೊದಲು ಸಿಗುವ ಊರು ದಢೇಸುಗೂರು. ಅಲ್ಲಿಂದ ಕಾಲುವೆಯ ಏರಿ ಹಿಡಿದು ಸ್ವಲ್ಪ ದೂರ ಒಳಕ್ಕೆ ಹೋದರೆ ಒಂದು ಸಣ್ಣ ಕ್ಯಾಂಪ್ ಇದೆ. ಸುತ್ತಲೂ ಭತ್ತದ ಗದ್ದೆ, ನಡುವೆ ಮೂವತ್ತು ನಲವತ್ತು ಮನೆ. ತಿಂಗಳಿಗೊಮ್ಮೆ ಅಲ್ಲಿಗೆ ಬಲಿಪೂಜೆಗೆ ಹೋಗುವುದು ನನ್ನ ವಾಡಿಕೆ. 2025ರ ಜನವರಿಯಲ್ಲಿ ಆ ಕ್ಯಾಂಪಿನ ಹಿರಿಯ ಜೀವವೊಂದು ದೇವರ ಪಾದ ಸೇರಿತು. ಎಂಬತ್ತರ ಹತ್ತಿರದ ಮುದುಕಿ, ಎಲ್ಲರ ಬಾಯಲ್ಲೂ ‘ಅಮ್ಮಮ್ಮ’. ತಿಂಗಳ ಪೂಜೆ ಮುಗಿಸಿ ಅವರ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಆಕೆಯ ಕಬ್ಬಿಣದ ಟ್ರಂಕನ್ನು ನಡುಮನೆಗೆ ತಂದು, ಎಲ್ಲರ ಎದುರಿನಲ್ಲೇ ಬೀಗ ತೆಗೆದರು. ಗುರುಗಳು ಎದುರಿಗಿದ್ದರೆ ಜಗಳ ಹತ್ತುವುದಿಲ್ಲ ಎಂಬ ಲೆಕ್ಕಾಚಾರ ಇದ್ದೀತು.

ಟ್ರಂಕಿನಲ್ಲಿ ಬಂಗಾರವಿರಲಿಲ್ಲ. ಎರಡು ಸೀರೆ, ಒಂದು ಜಪಸರ, ಉಳಿದದ್ದೆಲ್ಲ ದಾರ. ಉಲ್ಲನ್ ದಾರದ ಉಂಡಿಗಳು, ಕ್ರೋಶಾ ಹಾಕುವ ನೂಲಿನ ಉಂಡಿಗಳು. ಹನ್ನೊಂದು ಪ್ಲಾಸ್ಟಿಕ್ ಚೀಲ. ಪ್ರತಿ ಚೀಲದಲ್ಲೂ ಒಂದು ಚೀಟಿ. ಚೀಟಿಯ ಮೇಲೆ ತೆಲುಗಿನಲ್ಲಿ ಯಾರಿಗೆ, ಏನು ಎಂದು ಬರೆದಿತ್ತು. ಹಿರಿಯ ಮೊಮ್ಮಗನಿಗೆ ಸ್ವೆಟರ್. ಬೀಗಿತ್ತಿಗೆ ಶಾಲು. ಬಾಗಿಲಿಗೆ ತೋರಣ. ಒಂದು ಚೀಲದಲ್ಲಿ ಬಿಳಿ ನೂಲು; ಅದು ನಮ್ಮ ಪೂಜಾಪೀಠದ ವಸ್ತ್ರದ ಅಂಚಿಗೆ. ‘ಈ ಕ್ರಿಸ್ಮಸ್ಸಿಗೆ ಮುಗಿಸಿಕೊಡ್ತೀನಿ ಫಾದರ್’ ಎಂದು ಮೂರು ಕ್ರಿಸ್ಮಸ್ಸುಗಳಿಂದ ಹೇಳುತ್ತಿದ್ದರು. ನಾನೂ ಕೇಳುವುದನ್ನು ಬಿಟ್ಟಿದ್ದೆ.

ಹನ್ನೊಂದನೆಯ ಚೀಲ ತಳದಲ್ಲಿತ್ತು. ಹಳದಿ ದಾರ. ಚೀಟಿಯಲ್ಲಿ ಮಗಳ ಮಗುವಿನ ಹೆಸರು, ಅದರ ಮುಂದೆ ‘ಕುಲಾವಿ’ ಎಂದು ಬರೆದು ಹೊಡೆದುಹಾಕಿ, ‘ಸ್ವೆಟರ್’ ಎಂದು ಬರೆದಿತ್ತು. ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮಗಳು ಹನ್ನೊಂದು ವರ್ಷಗಳ ಹಿಂದೆ ಜಾತಿಯ ಹೊರಗೆ ಮದುವೆಯಾದವಳು. ಅಪ್ಪ ಬದುಕಿರುವವರೆಗೆ, ಆಮೇಲೆ ಅಣ್ಣನ ಕಾಲದಲ್ಲೂ, ಆ ಮನೆಯಲ್ಲಿ ಅವಳ ಹೆಸರು ಎತ್ತುವಂತಿರಲಿಲ್ಲ. ತಾಯಿಯ ಮಣ್ಣಿಗೆ ಬಂದಿದ್ದಳು, ತಿಂಗಳ ಪೂಜೆಗೂ ಬಂದಿದ್ದಳು, ಬಾಗಿಲ ಬಳಿ ನಿಂತಿದ್ದಳು. ಅಮ್ಮಮ್ಮ ಆ ಮಗುವಿನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

ನಾನು ಬೈಕು ಹತ್ತುವಾಗ ಆಕೆ ಹಿಂದೆಯೇ ಬಂದಳು. “ಫಾದರ್, ಅಮ್ಮ ನನ್ನ ಕೂಸಿಗಂತ ದಾರ ತಂದಿಟ್ಟಾಳ. ಒಂಬತ್ತು ವರ್ಷದಾಗ ಒಂದು ಸುತ್ತೂ ಹೆಣದಿಲ್ಲ. ಇದನ್ನ ನಾನು ಏನಂತ ತಿಳಕೋಬೇಕು? ಆಕಿ ನನ್ನ ಕ್ಷಮಿಸಿದ್ಲೋ, ಇಲ್ಲೋ?”

“ಮನಸ್ಸಿತ್ತಲ್ಲಮ್ಮ, ದೇವರು ಮನಸ್ಸನ್ನು ನೋಡುತ್ತಾನೆ” ಎಂದೆ. ಆಕೆ “ಆಯ್ತು ಫಾದರ್” ಎಂದು ತಲೆಬಾಗಿ ಹೋದಳು. ಆ ‘ಆಯ್ತು’ ಎಂಬ ಮಾತಿನ ಧಾಟಿಯಿಂದಲೇ ನನಗೆ ತಿಳಿಯಿತು, ನಾನು ಕೊಟ್ಟದ್ದು ಉತ್ತರವಲ್ಲ, ಸಮಾಧಾನದ ಗುಳಿಗೆ ಎಂದು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪ್ರಿಯ ಓದುಗರೇ, ನಿಮ್ಮ ಮನೆಯ ಅಟ್ಟದ ಮೇಲೂ ಇಂಥದೊಂದು ಚೀಲ ಇದ್ದೀತು. ಮುಂದೆಂದಾದರೂ ಹೆಣೆಯಬೇಕು, ಹೊಲಿಯಬೇಕು, ಇಂಥವರಿಗೆ ಕೊಡಬೇಕು ಎಂದು ತಂದಿಟ್ಟದ್ದು. ಅದರ ಬೆಲೆ ಏನು? ಮಾಡಬೇಕೆಂದುಕೊಂಡು ಮಾಡದೆ ಉಳಿದದ್ದನ್ನು ಪ್ರೀತಿಯ ಖಾತೆಗೆ ಬರೆಯಬೇಕೋ, ಸಾಲದ ಖಾತೆಗೋ?

ಮೊದಲು ನನಗೆ ನೆನಪಾದದ್ದು ಸಂತ ಲೂಕನ ಶುಭಸಂದೇಶದ ಆ ಧನಿಕ. ಬೆಳೆ ಹೆಚ್ಚಾಯಿತೆಂದು ಹಳೆಯ ಕಣಜ ಕೆಡವಿ ದೊಡ್ಡದನ್ನು ಕಟ್ಟುವ ಯೋಜನೆ ಹಾಕಿದವನು. ಆ ರಾತ್ರಿಯೇ ಅವನ ಪ್ರಾಣ ಹೋಗುವುದಿತ್ತು. ನಾಲ್ಕನೆಯ ಶತಮಾನದಲ್ಲಿ ಕೈಸರೇಯದ ಧರ್ಮಾಧ್ಯಕ್ಷರಾಗಿದ್ದ ಸಂತ ಬೆಸಿಲ್ ಇದೇ ಸಾಮತಿಯ ಮೇಲೆ ಕೊಟ್ಟ ಪ್ರಬೋಧನೆ ಪ್ರಸಿದ್ಧ. ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಬಟ್ಟೆ ಉಡಲಿಲ್ಲದವನಿಗೆ ಸೇರಿದ್ದು ಎಂಬ ಅರ್ಥದ ಮಾತನ್ನು ಅವರು ಎಷ್ಟು ಕಟುವಾಗಿ ಹೇಳಿದ್ದಾರೆಂದರೆ, ಗುರುಮಠದಲ್ಲಿ ಅದನ್ನು ಓದಿದ ದಿನ ನಾನು ನನ್ನ ಎರಡನೆಯ ಸ್ವೆಟರನ್ನು ಅಡಿಗೆಯವನಿಗೆ ಕೊಟ್ಟುಬಿಟ್ಟಿದ್ದೆ. (ಬೆಂಗಳೂರಿನ ಡಿಸೆಂಬರಿನಲ್ಲಿ ಆಮೇಲೆ ಪಶ್ಚಾತ್ತಾಪವೂ ಆಯಿತು.) ಆದರೆ ಅಮ್ಮಮ್ಮನ ಟ್ರಂಕನ್ನು ಆ ಕಣಜದ ಸಾಲಿಗೆ ಸೇರಿಸಲು ಮನಸ್ಸು ಒಪ್ಪಲಿಲ್ಲ. ಕಣಜದ ಧನಿಕನ ಯೋಜನೆಯಲ್ಲಿ ಅವನೊಬ್ಬನ ಹೊರತು ಇನ್ನೊಬ್ಬರ ಹೆಸರಿಲ್ಲ. ಈ ಟ್ರಂಕಿನಲ್ಲಿ ಎಲ್ಲರ ಹೆಸರಿದೆ, ಅಮ್ಮಮ್ಮನದಿಲ್ಲ.

ಹಾಗೆಂದು ಎಲ್ಲ ದಾರದ ಚೀಲಕ್ಕೂ ಈ ವಿನಾಯಿತಿ ಸಲ್ಲದು. ಬಣ್ಣ ಚೆಂದ ಕಂಡಿತೆಂದು, ಅಂಗಡಿಯವನು ಬೆಲೆ ಇಳಿಸಿದನೆಂದು, ಪಕ್ಕದ ಮನೆಯಾಕೆ ಕೊಂಡಳೆಂದು ತಂದು ತುಂಬುವ ದಾರ ಬೇರೆ. ಅದರಲ್ಲಿ ಕೊಳ್ಳುವ ಸುಖವೇ ಮುಖ್ಯ. ‘ಇನ್ನೂ ಎಷ್ಟೊಂದು ಮಾಡಬಹುದು’ ಎಂಬ ಕನಸು ಮಾಡುವ ಕೆಲಸಕ್ಕಿಂತ ಹಗುರ, ಅದಕ್ಕೆ ಬೆರಳು ನೋಯುವುದಿಲ್ಲ, ಕಣ್ಣು ಉರಿಯುವುದಿಲ್ಲ. ನನ್ನ ಕೋಣೆಯಲ್ಲಿ ಓದದ ಪುಸ್ತಕಗಳ ಸಾಲು ಇರುವುದೂ ಅದೇ ಕಾರಣಕ್ಕೆ.

ಇನ್ನು ಅಮ್ಮಮ್ಮನ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಅದಿಲ್ಲದೆ ಆ ದಾರ ಅರ್ಥವಾಗುವುದಿಲ್ಲ.

1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾಗಿ ಎಡದಂಡೆ ಕಾಲುವೆಯ ನೀರು ಈ ಕಪ್ಪು ನೆಲಕ್ಕೆ ಹರಿದಾಗ, ನೀರಾವರಿ ಬೇಸಾಯ ಬಲ್ಲ ಅನೇಕ ಕುಟುಂಬಗಳು ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದು ನೆಲೆಸಿದವು. ಅವರು ಕಟ್ಟಿಕೊಂಡ ಊರುಗಳೇ ಇಂದಿನ ಕ್ಯಾಂಪುಗಳು. ಅಮ್ಮಮ್ಮ ಮದುವೆಯಾಗಿ ಹಾಗೆ ಬಂದವರು. ತವರು ಗೋದಾವರಿ ತೀರದ ನರಸಾಪುರದ ಬಳಿಯ ಒಂದು ಹಳ್ಳಿ. ನರಸಾಪುರ ಎಂದರೆ ಕ್ರೋಶಾ ಲೇಸಿನ ಊರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿಗೆ ಬಂದ ಮಿಷನರಿಗಳು ಬಡ ಹೆಂಗಸರಿಗೆ ಈ ಕೈಕೆಲಸ ಕಲಿಸಿದರು. ಅದೇ ಕಾಲದಲ್ಲಿ, 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಘೋರ ಬರಗಾಲ ಬಿದ್ದಾಗ, ಕಾರ್ಕ್ ಸೀಮೆಯ ಉರ್ಸುಲಾ ಸಭೆಯ ಕನ್ಯಾಸ್ತ್ರೀಯರು ಬಡ ಹುಡುಗಿಯರಿಗೆ ಇದೇ ಕೊಕ್ಕೆ ಕಡ್ಡಿ ಹಿಡಿಯುವುದನ್ನು ಕಲಿಸಿ ಎಷ್ಟೋ ಮನೆಗಳ ಒಲೆ ಆರದಂತೆ ನೋಡಿಕೊಂಡರು. ಪುಣ್ಯದ ಕೆಲಸವೇ, ಸಂಶಯವಿಲ್ಲ. ಆದರೆ ಪುಣ್ಯದ ಕೆಲಸ ವ್ಯಾಪಾರವಾದಾಗ ಏನಾಗುತ್ತದೆ ಎಂಬುದಕ್ಕೂ ನರಸಾಪುರವೇ ಸಾಕ್ಷಿ. ಏಜೆಂಟರು ಮನೆಮನೆಗೆ ದಾರ ಕೊಟ್ಟುಹೋಗುತ್ತಾರೆ, ಮಾದರಿಯನ್ನೂ ಅವರೇ ಹೇಳುತ್ತಾರೆ, ಹೆಣೆದದ್ದನ್ನು ಒಯ್ಯುತ್ತಾರೆ. ಅದು ಕಡಲಾಚೆಯ ಅಂಗಡಿಗಳಿಗೆ ಹೋಗುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಆ ಹೆಂಗಸರ ನಡುವೆ ಇದ್ದು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ದಿನದ ಬಹುಭಾಗ ದುಡಿದರೂ ಅದನ್ನು ‘ಗೃಹಿಣಿಯರ ಬಿಡುವಿನ ವೇಳೆಯ ಕೆಲಸ’ ಎಂದು ಲೆಕ್ಕ ಹಾಕಿ ಪುಡಿಗಾಸು ಕೊಡುತ್ತಿದ್ದರೆಂಬುದನ್ನು ಅವರು ಬಯಲಿಗಿಟ್ಟರು. 2024ರಲ್ಲಿ ಆ ಲೇಸಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಹೆಣೆದ ಕೈಗೆ ಎಷ್ಟು ದೊರೆಯಿತು ಎಂಬುದು ಬೇರೆ ಮಾತು.

ಅಮ್ಮಮ್ಮ ಒಂಬತ್ತನೆಯ ವಯಸ್ಸಿನಿಂದ ಮದುವೆಯವರೆಗೆ ಹಾಗೆ ಹೆಣೆದವರು. “ಬರೀ ಬಿಳಿ ದಾರ, ಫಾದರ್. ಯಾರ ಮೇಜಿಗೋ, ಯಾವ ದೇಶಕ್ಕೋ” ಎಂದು ಒಮ್ಮೆ ನನ್ನೊಡನೆ ಹೇಳಿದ್ದರು. ಕ್ಯಾಂಪಿಗೆ ಬಂದು ಗದ್ದೆ ಕೂಲಿಯ ಸ್ವಂತ ದುಡ್ಡು ಕೈಗೆ ಬಂದ ಮೇಲೆ ಸಿಂಧನೂರಿನ ಅಂಗಡಿಯಲ್ಲಿ ಮೊದಲು ಕೊಂಡದ್ದು ಕೆಂಪು ಉಲ್ಲನ್. ಆಮೇಲೆ ಬಿಳಿ ಕೊಂಡದ್ದು ಇಗರ್ಜಿಗೆಂದು ಒಂದೇ ಸಲ.

ರಾಯಚೂರು ಸೀಮೆಯ ಬೇಸಿಗೆ ಬಲ್ಲವರಿಗೆ ನಗು ಬರಬಹುದು: ನಲವತ್ತು ಡಿಗ್ರಿ ದಾಟುವ ನಾಡಿನಲ್ಲಿ ಉಣ್ಣೆಯ ಚಿಂತೆಯೇ? ಆದರೆ ನೀರಾವರಿಯ ಗದ್ದೆಯ ನಡುವೆ ಡಿಸೆಂಬರ್ ಬೆಳಗಿನಲ್ಲಿ ಮಂಜು ಇಳಿಯುತ್ತದೆ, ಕೂಸುಗಳಿಗೆ ಕುಲಾವಿ ಬೇಕು, ನಾಟಿಗೆ ಹೋಗುವವರಿಗೆ ಕಿವಿ ಮುಚ್ಚಲು ಏನಾದರೂ ಬೇಕು. ಮೇಲಾಗಿ ನಾವು ‘ಉಲ್ಲನ್’ ಎಂದು ಕೊಳ್ಳುವುದರಲ್ಲಿ ಹೆಚ್ಚಿನದು ಉಣ್ಣೆಯೇ ಅಲ್ಲ. ಕಲ್ಲೆಣ್ಣೆಯ ಮೂಲದಿಂದ ಕಾರ್ಖಾನೆಯಲ್ಲಿ ತಯಾರಾಗುವ ಅಕ್ರಿಲಿಕ್. ಅಮೆರಿಕದ ಡ್ಯೂಪಾಂಟ್ ಕಂಪನಿ 1950ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಅಗ್ಗ, ಒಗೆದರೆ ಕುಗ್ಗದು, ನುಸಿ ತಿನ್ನದು, ಬಣ್ಣ ಸಾವಿರ. ಆದರೆ ಬೆವರು ಹೀರದು, ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಒಲೆಯ ಬಳಿ ಅಂಬೆಗಾಲಿಡುವ ಕೂಸಿಗೆ ಅದು ಸಲ್ಲದು. ಹತ್ತಿಯ ನೂಲು ನಮ್ಮ ಹವೆಗೆ ಹಿತ, ಮಗುವಿನ ಮೈಗೂ ಹಿತ. ಆದರೆ ಉಣ್ಣೆಯಂತೆ ಹಿಗ್ಗಿ ಕುಗ್ಗುವ ಗುಣವಿಲ್ಲದ್ದರಿಂದ ಹೆಣೆಯುವವರ ಬೆರಳು ನೋಯುತ್ತದೆ, ಅಳತೆ ತಪ್ಪಿದರೆ ಮುಚ್ಚಿಡಲಾಗದು. ನಮ್ಮ ಕುರುಬ ಬಂಧುಗಳ ದಖನಿ ಕುರಿಯ ಉಣ್ಣೆ ಕಂಬಳಿಗೆ ರಾಜ, ಕೂಸಿನ ಕೆನ್ನೆಗೆ ಮುಳ್ಳು. ಕಡ್ಡಿಯ ಲೆಕ್ಕವೂ ಉಂಟು. ಎರಡು ಕಡ್ಡಿಯ ಹೆಣಿಗೆಗೆ ಸಾಕಾಗುವ ದಾರ ಅಷ್ಟೇ ಅಗಲದ ಕ್ರೋಶಾಕ್ಕೆ ಸಾಲದು.

ಇಷ್ಟನ್ನು ಏಕೆ ಹೇಳಿದೆನೆಂದರೆ, ದಾರ ಆರಿಸುವವಳು ಅಂಗಡಿಯಲ್ಲಿ ನಿಂತು ಬರೀ ಬಣ್ಣ ನೋಡುತ್ತಿರುವುದಿಲ್ಲ. ಉಡುವವರು ಯಾರು, ವಯಸ್ಸೆಷ್ಟು, ಮೈಬಣ್ಣವೇನು, ಮನೆಯಲ್ಲಿ ಒಲೆ ನೆಲದ ಮೇಲಿದೆಯೋ ಕಟ್ಟೆಯ ಮೇಲಿದೆಯೋ, ಒಗೆಯುವವರು ಯಾರು, ಇನ್ನೆರಡು ವರ್ಷದಲ್ಲಿ ಎಷ್ಟು ಬೆಳೆದಾರು, ಇವೆಲ್ಲ ಕಣ್ಣ ಮುಂದೆ ಬಾರದೆ ದಾರ ಆರಿಸಲಾಗದು. ಇನ್ನೊಬ್ಬರನ್ನು ಇಷ್ಟು ವಿವರವಾಗಿ ನೆನೆಯುವುದು ಒಂದು ಬಗೆಯ ಪ್ರಾರ್ಥನೆ ಎಂದರೆ ಅತಿಯಾಗಲಾರದು.

ಆದರೂ ನೆನೆಯುವುದು ಕೊಡುವುದಲ್ಲ. ಇಲ್ಲಿಯೇ ನನ್ನ ಕಾಲಿಗೆ ಮುಳ್ಳು ಚುಚ್ಚಿದ್ದು.

ಯೊಪ್ಪದ ತಬಿಥಾ ಸತ್ತಾಗ ನಡೆದದ್ದನ್ನು ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಓದುತ್ತೇವೆ. ವಿಧವೆಯರು ಪೇತ್ರನ ಸುತ್ತ ನಿಂತು ಅಳುತ್ತಾ, ಆಕೆ ಬದುಕಿದ್ದಾಗ ಮಾಡಿಕೊಟ್ಟ ಅಂಗಿಗಳನ್ನು ತೋರಿಸುತ್ತಾರೆ. ಮಾಡಿಕೊಟ್ಟದ್ದನ್ನು ತೋರಿಸುತ್ತಾರೆ, ಮಾಡಬೇಕೆಂದಿದ್ದ ಬಟ್ಟೆಯ ಥಾನುಗಳನ್ನು ಯಾರೂ ಹೊತ್ತು ತರಲಿಲ್ಲ. ಸಂತ ಥಾಮಸ್ ಅಕ್ವಿನಾಸರು ಇನ್ನೂ ನೇರ. ಹೊರಗಿನ ಕ್ರಿಯೆ ಒಳಗಿನ ಸಂಕಲ್ಪದ ಒಳ್ಳೆಯತನಕ್ಕೆ ಏನನ್ನಾದರೂ ಕೂಡಿಸುತ್ತದೆಯೇ ಎಂಬ ಪ್ರಶ್ನೆಯನ್ನು ಅವರು ಎತ್ತಿಕೊಳ್ಳುತ್ತಾರೆ. ನಮ್ಮ ಕೈಮೀರಿದ ಅಡ್ಡಿಯಿಂದ ಕೆಲಸ ನಿಂತರೆ ಸಂಕಲ್ಪಕ್ಕೆ ಕೊರತೆಯಿಲ್ಲ. ಆದರೆ ಅವಕಾಶ ಸಿಕ್ಕಾಗ ಕೆಲಸಕ್ಕೆ ಇಳಿಯುವಂಥದ್ದಲ್ಲದ ಸಂಕಲ್ಪ ಪೂರ್ಣ ಸಂಕಲ್ಪವೇ ಅಲ್ಲ. ಅವರ ವಾದದ ತಿರುಳು ಇದು.

ಈ ತೂಕದ ಕಲ್ಲನ್ನು ಇಟ್ಟು ತೂಗಿದರೆ ಅಮ್ಮಮ್ಮನ ತಟ್ಟೆ ಮೇಲೇಳುತ್ತದೆ. ಕೊನೆಯ ಎರಡು ವರ್ಷ ಕಣ್ಣು ಮಂಜಾಗಿತ್ತು, ನಿಜ. ಅದಕ್ಕೂ ಹಿಂದಿನ ಏಳು ವರ್ಷ? ಆ ಏಳು ವರ್ಷಗಳಲ್ಲಿ ಮಗನ ಮಕ್ಕಳಿಗೆ ಎಷ್ಟು ಹೆಣೆದರು, ನೆರೆಯವರಿಗೆ ಎಷ್ಟು ಹೆಣೆದರು! ನನಗೇ ಒಂದು ಮಫ್ಲರ್ ಹೆಣೆದುಕೊಟ್ಟಿದ್ದಾರೆ. ಅವಕಾಶವಿತ್ತು, ದಾರವಿತ್ತು, ಕೈಯಿತ್ತು. ಹಾಗಾದರೆ ‘ಮನಸ್ಸಿತ್ತಲ್ಲ’ ಎಂದು ನಾನು ಹೇಳಿದ್ದು ಸುಳ್ಳಾಯಿತೇ?

ತಪಸ್ಸಿನ ಕಾಲದ ಒಂದು ಸಂಜೆ ಮತ್ತೆ ಅಲ್ಲಿಗೆ ಹೋದೆ. ಮಗನ ಹೆಂಡತಿ ಒಬ್ಬಳೇ ಇದ್ದಳು. ಅತ್ತೆಯ ಕೊನೆಯ ಮೂರು ವರ್ಷ ಉಣಿಸಿ, ತೊಳೆದು, ಎತ್ತಿ ಕೂರಿಸಿದವಳು ಈಕೆ. ಕ್ರೋಶಾವನ್ನೂ ಅತ್ತೆಯಿಂದಲೇ ಕಲಿತವಳು. ಆ ಹಳದಿ ದಾರದ ಚೀಲವನ್ನು ನೋಡಬೇಕೆಂದೆ. ತಂದು ನನ್ನ ಮುಂದೆ ಸುರಿದು, ಒಂದು ಉಂಡಿಯ ಸುತ್ತಲಿನ ಕಾಗದದ ಪಟ್ಟಿಯನ್ನು ತೋರಿಸಿದಳು. “ಇಲ್ಲಿ ಬಣ್ಣದ ನಂಬರ್ ಐತಿ ಫಾದರ್, ಇಲ್ಲಿ ಲಾಟ್ ನಂಬರ್. ಬಣ್ಣದ ನಂಬರ್ ಒಂದೇ ಇದ್ರೂ ಲಾಟ್ ಬ್ಯಾರೆ ಆದ್ರ ಬಣ್ಣ ಒಂಚೂರು ಬ್ಯಾರೆ ಬರ್ತೈತಿ. ಉಂಡ್ಯಾಗ ಕಾಣಂಗಿಲ್ಲ, ಹೆಣದ ಮ್ಯಾಲೆ ಪಟ್ಟಿ ಪಟ್ಟಿ ಕಾಣತೈತಿ. ಅದಕ್ಕ ಬೇಕಾದಷ್ಟು ಒಂದೇ ಸಲ ತರಬೇಕಂತ ಅತ್ತಿ ನನಗ ಬೈದು ಬೈದು ಹೇಳ್ತಿದ್ರು.” ಆಮೇಲೆ ಉಂಡಿಗಳನ್ನು ಮೂರು ಗುಂಪು ಮಾಡಿ ಇಟ್ಟಳು. ಸಣ್ಣ ಉಂಡಿ ಎರಡು, ನಾಲ್ಕು ಉಂಡಿ, ಆರು ಉಂಡಿ. ಮೂರು ಲಾಟು. ಪಟ್ಟಿಯ ಮೇಲಿನ ಬೆಲೆಯೂ ಮೂರು ಬಗೆ.

ಕೂಸಿನ ಕುಲಾವಿಗೆ ಐವತ್ತು ಗ್ರಾಂ ದಾರ ಸಾಕು. ನಡೆದಾಡುವ ಮಗುವಿನ ಸ್ವೆಟರಿಗೆ ಅದರ ಎರಡು ಮೂರರಷ್ಟು ಬೇಕು. ಎಂಟು ಒಂಬತ್ತು ವರ್ಷದ ಮಗುವಿಗೆ ಇನ್ನೂ ಹೆಚ್ಚು. ಮಗು ಬೆಳೆದಂತೆಲ್ಲ ಅಮ್ಮಮ್ಮ ಹೊಸದಾಗಿ ಅಂಗಡಿಗೆ ಹೋಗಿದ್ದಾರೆ. ಹಳೆಯದಕ್ಕೆ ಕೂಡಿಸಲಾಗದು ಎಂದು ಬಲ್ಲವರಾದ್ದರಿಂದ ಪ್ರತಿ ಸಲವೂ ಪೂರ್ತಿ ಅಳತೆಯನ್ನು, ಒಂದೇ ಲಾಟಿನಲ್ಲಿ ತಂದಿದ್ದಾರೆ. ಕೊನೆಯ ಪಟ್ಟಿಯ ಮೇಲಿನ ತಯಾರಿಕೆಯ ತಿಂಗಳು 2024ರ ಮೇ. ಕಣ್ಣು ಕಾಣದಿದ್ದಾಗ! “ನಾನೇ ಕರಕೊಂಡು ಹೋಗಿದ್ದೆ. ಯಾರಿಗೆ ಅಂತ ಹೇಳಲಿಲ್ಲ. ಬಣ್ಣ ಯಾವುದೈತಿ ನೋಡು, ಹಳದಿ ಹೌದಿಲ್ಲೋ ಅಂತ ನಾಕು ಸಲ ಕೇಳಿದ್ರು” ಎಂದಳು. ಅದು ಆ ವರ್ಷದ ಆಗಸ್ಟ್ ಕೊನೆಯ ವಾರ.

ಆ ಆಗಸ್ಟನ್ನು ಈ ಕಡೆಯವರು ಮರೆಯಲಾರರು. 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು, ಸರಪಳಿ ತುಂಡಾಗಿ ಕೊಚ್ಚಿಹೋಯಿತು. ನಾಟಿ ಮಾಡಿ ಕುಳಿತಿದ್ದ ರೈತರು ನದಿಯ ಪಾಲಾಗುತ್ತಿದ್ದ ನೀರನ್ನು ಟಿ.ವಿ.ಯಲ್ಲಿ ನೋಡುತ್ತಾ ರಾತ್ರಿ ಕಳೆದರು. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸುವವರೆಗೆ ಯಾರ ಗಂಟಲಲ್ಲೂ ಅನ್ನ ಇಳಿಯಲಿಲ್ಲ. ನಾಳೆಯ ಬೆಳೆ, ಮಗಳ ಮದುವೆ, ಸಾಲದ ಕಂತು, ಎಲ್ಲರ ಯೋಜನೆಯೂ ಒಂದು ಸರಪಳಿಗೆ ನೇತಾಡುತ್ತಿತ್ತು ಎಂಬುದು ಅಂದು ಕಂಡಿತು. ನಾಳೆಯ ವ್ಯಾಪಾರದ ಲೆಕ್ಕ ಹಾಕುವವರಿಗೆ ಯಕೋಬನ ಪತ್ರದಲ್ಲಿ ಕೊಟ್ಟಿರುವ ಎಚ್ಚರಿಕೆಯನ್ನು ನಾನು ಆ ಭಾನುವಾರ ಪ್ರಬೋಧನೆಯಲ್ಲಿ ವಿವರಿಸಿದ್ದೆ. ಮುಂದಿನ ಸಾಲಿನಲ್ಲೇ ಕುಳಿತು ಕೇಳಿದ ಮುದುಕಿ ಅದಾದ ಎರಡು ವಾರಕ್ಕೆ ಬಸ್ಸು ಹತ್ತಿ ಆರು ಉಂಡಿ ದಾರ ತಂದರು. ನನ್ನ ಪ್ರಬೋಧನೆ ಅವರಿಗೆ ಕೇಳಿಸಲಿಲ್ಲವೆಂದು ನಾನು ಹೇಳಲಾರೆ. ‘ದೇವರ ಚಿತ್ತವಿದ್ದರೆ’ ಎಂದುಕೊಂಡು ನಾಳೆಗಾಗಿ ಏನನ್ನೂ ತರದಿರುವುದು ಒಂದು ದಾರಿ, ಹಾಗೆಂದುಕೊಂಡೇ ತರುವುದು ಇನ್ನೊಂದು.

ಹಾಗಾದರೆ ಹೆಣೆಯಲಿಲ್ಲವೇಕೆ? ಈ ಪ್ರಶ್ನೆಯನ್ನು ಸೊಸೆಗೇ ಕೇಳಿದೆ. ಆಕೆ ನನ್ನನ್ನು ವಿಚಿತ್ರವಾಗಿ ನೋಡಿ, “ಹೆಣೆಯೋಕೆ ಕುಂತ್ರೆ ಎಲ್ರೂ ಕೇಳ್ತಾರಲ್ಲ ಫಾದರ್, ಯಾರಿಗೆ ಅಂತ” ಎಂದಳು.

ದಾರವನ್ನು ಟ್ರಂಕಿನಲ್ಲಿ ಬಚ್ಚಿಡಬಹುದು. ಹೆಣಿಗೆಯನ್ನು ಬಚ್ಚಿಡಲಾಗದು. ಅದು ಪಡಸಾಲೆಯ ಬೆಳಕಿನಲ್ಲಿ, ಬಂದುಹೋಗುವವರ ನಡುವೆ, ದಿನಗಟ್ಟಲೆ ಮಡಿಲಲ್ಲಿಟ್ಟುಕೊಂಡು ಮಾಡುವ ಕೆಲಸ. ನೋಡಿದವರ ಬಾಯಿಗೆ ಬರುವ ಮೊದಲ ಮಾತೇ ‘ಯಾರಿಗೆ?’ ಎಂದು. ನಾನೇ ಎಷ್ಟು ಸಲ ಕೇಳಿಲ್ಲ, “ಯಾರಿಗೆ ಅಮ್ಮಮ್ಮ, ಇಷ್ಟು ಚೆಂದದ್ದು?” ಎಂದು ನಗುತ್ತಾ! ಅವರಿಗೆ ಅಡ್ಡ ಬಂದದ್ದು ಕಣ್ಣಲ್ಲ, ಕಾಲವಲ್ಲ. ಆ ಒಂದು ಪ್ರಶ್ನೆಗೆ ಗಂಡನ ಎದುರು, ಮಗನ ಎದುರು ಮಗಳ ಹೆಸರು ಹೇಳಬೇಕಾದ ಭಯ. ಬಿರುಗಾಳಿಗೆ ಸಿಕ್ಕ ಹಡಗಿನಿಂದ ಸರಕನ್ನು ಕಡಲಿಗೆ ಎಸೆಯುವವನ ಉದಾಹರಣೆಯನ್ನು ಅರಿಸ್ಟಾಟಲ್ ಕೊಡುತ್ತಾನೆ. ಎಸೆಯುವುದು ಅವನಿಗೆ ಇಷ್ಟವಿಲ್ಲ, ಆದರೂ ಎಸೆದದ್ದು ಅವನ ಕೈಯೇ. ಭಯದಿಂದ ಮಾಡಿದ್ದು, ಭಯದಿಂದ ಬಿಟ್ಟದ್ದು ನಮ್ಮದಲ್ಲ ಎನ್ನಲು ಬರುವುದಿಲ್ಲ. ಪೂರ್ತಿ ನಮ್ಮದು ಎನ್ನುವುದೂ ನ್ಯಾಯವಲ್ಲ. ಆ ಭಯದಲ್ಲಿ ಗಂಡನ ಪಾಲಿತ್ತು, ಮಗನ ಪಾಲಿತ್ತು. ಮಗಳ ವಿಷಯ ತಿಳಿದಿದ್ದರೂ ಆ ಮನೆಯಲ್ಲಿ ಉಂಡು ಹರಸಿ ಬರುತ್ತಿದ್ದೆನೇ ಹೊರತು ಒಂದು ಸಲವೂ ಬಾಯಿ ಬಿಡದಿದ್ದ ನನ್ನ ಪಾಲೂ ಇತ್ತು. ಮಫ್ಲರ್ ಕೊಟ್ಟ ದಿನವಾದರೂ ‘ಮಗಳು ಹೇಗಿದ್ದಾಳಮ್ಮ?’ ಎಂದು ಕೇಳಬಹುದಿತ್ತು.

ನಮ್ಮ ಕಡೆ ಕೌದಿ ಹೊಲಿಯುವ ಪದ್ಧತಿ ನಿಮಗೆ ಗೊತ್ತಿದೆ. ಹಳೆಯ ಸೀರೆಗಳನ್ನು ಒಟ್ಟುಮಾಡಿಟ್ಟು, ‘ಇದು ಮಗಳ ಬಾಣಂತನಕ್ಕೆ’ ಎಂದು ಓಣಿಗೆಲ್ಲ ಕೇಳುವಂತೆ ಹೇಳಿ, ನೆರೆಯವರನ್ನೂ ಕೂಡಿಸಿಕೊಂಡು ಹೊಲಿಯುತ್ತಾರೆ. ಆ ಹೇಳಿಕೆಯಲ್ಲೇ ಅರ್ಧ ಕೊಡುಗೆ ಇದೆ ಎಂದು ಈಗ ನನಗೆ ಅನ್ನಿಸುತ್ತದೆ. ಬಾಯಿಬಿಟ್ಟು ಹೇಳಿದ ಯೋಜನೆಗೆ ಇನ್ನೊಬ್ಬರು ಹಕ್ಕುದಾರರಾಗುತ್ತಾರೆ. ಎಲ್ಲಿ ಎಂದು ಕೇಳಬಲ್ಲರು, ಕಾಯಬಲ್ಲರು, ಮಾಡದಿದ್ದರೆ ಮುನಿಯಬಲ್ಲರು. ಹೇಳದ ಯೋಜನೆಯನ್ನು ಮುರಿದರೆ ಯಾರೂ ಅಳುವುದಿಲ್ಲ. ಆ ಮಗಳಿಗೆ ಒಂಬತ್ತು ವರ್ಷ ಬೇಕಾಗಿದ್ದದ್ದು ಸ್ವೆಟರಲ್ಲ, ‘ನಿನ್ನ ಮಗುವಿಗೆ ಹಳದಿ ದಾರ ತಂದಿದ್ದೇನೆ’ ಎಂಬ ಒಂದು ಫೋನಿನ ಮಾತು.

ಪಾಸ್ಖ ಹಬ್ಬದ ವಾರದಲ್ಲಿ ಆಕೆ ಮಗುವಿನೊಡನೆ ಬಂದಳು. ಅಣ್ಣ ಗದ್ದೆಯ ಕಡೆ ಕೆಲಸವಿದೆಯೆಂದು ಎದ್ದುಹೋದ. ತಡೆಯಲಿಲ್ಲ, ಕರೆಯಲೂ ಇಲ್ಲ. ನಾನು ಅವಳಿಗೆ ನನ್ನ ಮೊದಲ ಉತ್ತರವನ್ನು ಹಿಂದಕ್ಕೆ ಪಡೆಯುತ್ತೇನೆಂದು ಹೇಳಿದೆ. “ನಿನ್ನ ತಾಯಿ ನಿನ್ನನ್ನು ಒಂದು ವರ್ಷವೂ ಮರೆತಿರಲಿಲ್ಲ, ಅದು ಈ ಪಟ್ಟಿಗಳಲ್ಲಿ ಅಚ್ಚಾಗಿದೆ. ನಿನಗೆ ಕೊಡಬೇಕಾದ್ದನ್ನು ಕೊಡದೆ ಹೋದಳು, ಅದೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ನಾನು ಮುಚ್ಚಬಾರದಿತ್ತು. ನಿನಗೆ ಸಿಟ್ಟು ಬಂದರೆ ಅದು ಪಾಪವಲ್ಲ” ಎಂದೆ. ಆಕೆ ಬಹಳ ಹೊತ್ತು ಅತ್ತಳು. ಫೆಬ್ರವರಿಯಲ್ಲಿ ಅತ್ತಿರಲಿಲ್ಲ.

ಮಗು ಒಂದು ಉಂಡಿಯನ್ನು ಕೆನ್ನೆಗೆ ಒತ್ತಿಕೊಂಡು, “ಸೆಕೆ ಆಗ್ತೈತಿ” ಎಂದು ಎಸೆಯಿತು. ಏಪ್ರಿಲ್ ಮಧ್ಯಾಹ್ನ, ಕರೆಂಟೂ ಇರಲಿಲ್ಲ, ಎಲ್ಲರೂ ನಕ್ಕೆವು. ಮಗಳು ಉಂಡಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, “ವದಿನಾ, ಅಮ್ಮನ ಕಡ್ಡಿ ಎಲ್ಲೈತಿ? ನಾ ಕಲಿತು ಹೆಣೀತೀನಿ” ಎಂದು ಕೇಳಿದಳು.

ಸೊಸೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಹನ್ನೊಂದು ಚೀಲದಾಗ ನನ್ನ ಹೆಸರಿನ ಚೀಟಿ ಒಂದೂ ಇರಲಿಲ್ಲ, ಫಾದರ್. ನೀವು ಯಾರೂ ಅದನ್ನ ಕೇಳಲಿಲ್ಲ” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಕಣ್ಣೆದುರಿಗೆ ಇರುವವರಿಗಾಗಿ ಯಾರು ಯೋಜನೆ ಹಾಕುತ್ತಾರೆ, ಅವರು ಇದ್ದೇ 이ರುತ್ತಾರಲ್ಲ ಎಂದು ಅಂದುಕೊಂಡಿರುತ್ತೇವೆ.

ಆಕೆ ಒಳಗೆ ಹೋಗಿ ಅತ್ತೆಯ ಕ್ರೋಶಾ ಕಡ್ಡಿಯನ್ನು ತಂದಳು. ಹೆಬ್ಬೆರಳು ಊರಿ ಊರಿ ಉಕ್ಕು ಅಲ್ಲಿ ಸವೆದು ಹೊಳೆಯುತ್ತಿತ್ತು. ನಾದಿನಿಗೆ ತೋರಿಸಿದಳು, ಕೈಗೆ ಕೊಡಲಿಲ್ಲ. “ಕಡ್ಡಿ ನನಗಿರಲಿ. ಸಿಂಧನೂರಾಗ ಹೊಸಾದು ಸಿಗತೈತಿ, ನಾಳೆ ತಂದುಕೊಡ್ತೀನಿ. ಹೆಂಗ ಹಿಡೀಬೇಕಂತ ಈಗ ಇದರಾಗ ನೋಡು” ಎಂದು ಹಳದಿ ದಾರದ ತುದಿ ಹುಡುಕತೊಡಗಿದಳು.